ಗಡಿಯಾರದಮ್ಮನ ಬಿಸಿ ಫೋನು

"ಮುಟ್ಟಿ ನೋಡು, ಇದಕ್ಕೆ ಜ್ವರ ಬಂದಿದೆ," ಎನ್ನುತ್ತ ಗಡಿಯಾರದಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಂದು ಬೀದಿಯ ಸೊಸೆಯ ರಿಪೇರಿ ಮೇಜಿನ ಮೇಲಿಟ್ಟರು.

ಸೊಸೆ ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಮಾತು ಸುಳ್ಳಲ್ಲ. ಹಸಿರು ಉಣ್ಣೆಯಲ್ಲಿ ಹೆಣೆದ ಚೀಲದೊಳಗೆ ಫೋನು ಕಾದ ಕಾವಲಿಯ ಹಾಗೆ ಸುಡುತ್ತಿತ್ತು.

"ಯಾವಾಗಿಂದ ಹೀಗೆ?"

"ಮೊದಮೊದಲು ಬೆಚ್ಚಗಿರ್ತಿತ್ತು. ಈಗೀಗ ಸುಡುತ್ತೆ, ಸುಟ್ಟು ಸುಟ್ಟು ತಾನೇ ಆಫ್ ಆಗಿಬಿಡುತ್ತೆ. ಇವತ್ತು ಬೆಳಿಗ್ಗೆಯಿಂದ ನನಗೆ ಇದೇ ಕೆಲಸ, ಆನ್ ಮಾಡೋದು, ಕಾಯೋದು. ಆಫ್ ಆಗಿರೋ ಹೊತ್ತಲ್ಲೇ ಅವ್ರು ಫೋನ್ ಮಾಡಿದ್ರೆ ನನ್ನ ಗತಿ ಏನು ಹೇಳು."

ಅವರು ಎಂದರೆ ಗಡಿಯಾರದಮ್ಮನ ಗಂಡ, ಗಡಿಯಾರ ರಿಪೇರಿಯ ಗಡಿಯಾರದವರು. ರಿಪೇರಿಯಾದ ಮೇಜು ಗಡಿಯಾರವೊಂದನ್ನು ಗಿರಾಕಿಯ ಮನೆಗೆ ಮುಟ್ಟಿಸಿ ಬರುತ್ತೇನೆಂದು ಅಂಗಡಿಯಿಂದ ಹೊರಟವರು, ತಿಂಗಳು ಕಳೆದರೂ ಮರಳಿರಲಿಲ್ಲ. ಫೋನನ್ನು ಅಂಗಡಿಯಲ್ಲೇ ಬಿಟ್ಟು ಹೋಗಿದ್ದರು. ಹೆಂಡತಿಯ ನಂಬರು ಅವರಿಗೆ ಎಂದೂ ಬಾಯಿಗೆ ಬಂದಿದ್ದಿಲ್ಲ. ಗಿರಾಕಿಗಳಿಗೆ ಹೇಳಿ ಹೇಳಿ ನೆನಪಿನಲ್ಲಿ ಕೂತಿದ್ದದ್ದು ಸ್ವಂತ ನಂಬರು ಒಂದೇ. ಎಲ್ಲಿದ್ದರೂ ಒಂದು ದಿನ ಅವರು ಈ ಫೋನಿಗೇ ಕರೆ ಮಾಡುತ್ತಾರೆ ಎಂದು ಗಡಿಯಾರದಮ್ಮ ನಂಬಿಬಿಟ್ಟಿದ್ದರು. ಆ ನಂಬಿಕೆ ಇಲ್ಲದಿದ್ದರೆ ಆಕೆ ಅನ್ನ ನೀರು ಬಿಟ್ಟು ಹಾಸಿಗೆ ಹಿಡಿಯುತ್ತಿದ್ದರು ಎನ್ನುವುದು ಬೀದಿಗೆಲ್ಲ ಗೊತ್ತಿತ್ತು.

ಸೊಸೆ ಎಂದರೆ ಆ ಇಡೀ ಬೀದಿಗೇ ಸೊಸೆ. ಪತ್ತೆ ಮಾವನ ಮಗನನ್ನು ಮದುವೆಯಾಗಿ ಬಂದವಳು, ಮನೆಯ ಮುಂದಿನ ಕೋಣೆಯಲ್ಲೇ ಫೋನ್ ರಿಪೇರಿಯ ಅಂಗಡಿ ತೆರೆದಿದ್ದಳು. ಪತ್ತೆ ಮಾವ ಪೊಲೀಸ್ ಇಲಾಖೆಯಲ್ಲಿ ಕಾಣೆಯಾದವರನ್ನು ಹುಡುಕುವುದರಲ್ಲೇ ತಲೆ ನರೆಸಿಕೊಂಡು ನಿವೃತ್ತರಾದವರು. ಈಗ ಸೊಸೆಯ ಅಂಗಡಿಯ ಮೂಲೆಯಲ್ಲಿದ್ದ ಬೆತ್ತದ ಕುರ್ಚಿಯೇ ಅವರ ಕಚೇರಿ. ಇಬ್ಬರಿಗೂ ಅಪ್ಪ ಮಗಳ ಸಲುಗೆ. ಬೆಳಿಗ್ಗೆ ಮುಖ ಗಂಟು ಹಾಕಿಕೊಂಡರೂ ಟೀ ಹೊತ್ತಿಗೆ ಒಂದಾಗಿರುತ್ತಿದ್ದರು.

"ಮಾವ, ಎದ್ದು ಬನ್ನಿ. ಕೇಸು ಬಂದಿದೆ," ಎಂದಳು ಸೊಸೆ. "ಶಂಕಿತರನ್ನ ಒಬ್ಬೊಬ್ಬರನ್ನಾಗಿ ವಿಚಾರಿಸೋಣ. ನೀವೇ ತಾನೆ ಕಲಿಸಿದ್ದು."

ಮಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಹಳೇ ಫೋನು ಕಣಮ್ಮ. ಸಿಮ್ ತೆಗೆದು ಬೇರೆ ಯಾವುದಕ್ಕಾದ್ರೂ ಹಾಕಿಕೊಡು. ನಂಬರು ಅದೇ ಇರುತ್ತೆ. ತಂಗಿಗೂ ತಾಪತ್ರಯ ತಪ್ಪುತ್ತೆ."

"ಬೇಡ ಅಣ್ಣ," ಎಂದರು ಗಡಿಯಾರದಮ್ಮ. "ಅವ್ರ ಕೈ ತಾಗಿದ ಫೋನು. ಇದೇ ಇರ್ಲಿ."

ಸೊಸೆಗೆ ಸೋಜಿಗವೆನಿಸಿತು. ಅಡುಗೆಮನೆಯ ಬಲ್ಬು ಹೋದರೂ ಯಾಕೆ ಹೋಯಿತು, ಯಾರು ಕೊನೆಗೆ ಸ್ವಿಚ್ ಹಾಕಿದರು ಎಂದು ಮನೆಮಂದಿಯದೆಲ್ಲ ಜೀವ ತಿನ್ನುವ ಮನುಷ್ಯ. ಇವತ್ತು ಇಷ್ಟು ಸುಲಭಕ್ಕೆ ಕೈ ತೊಳೆದುಕೊಳ್ಳುತ್ತಿದ್ದಾರಲ್ಲ. ರಾತ್ರಿ ನಿದ್ದೆ ಸರಿಯಾಗಿಲ್ಲವೇನೋ ಎಂದುಕೊಂಡು ಅವಳು ಕೆಲಸ ಶುರುಮಾಡಿದಳು.

"ಮೊದಲನೇ ಶಂಕಿತ ಈ ಹಸಿರು ಅಂಗಿ. ಇದನ್ನ ತೊಡಿಸಿದ್ದು ಯಾರು?"

"ನಾನೇ ಹೆಣೆದೆ," ಎಂದರು ಗಡಿಯಾರದಮ್ಮ, ಸ್ವಲ್ಪ ಹೆಮ್ಮೆಯಿಂದಲೇ. "ಅಂಗಡಿ ಮೇಜು ತಣ್ಣಗೆ ಕೊರೀತಿರುತ್ತೆ. ಬರೀ ಮೈಯಲ್ಲಿ ಬಿದ್ದಿರುತ್ತಲ್ಲ ಪಾಪ ಅಂತ."

"ಅಮ್ಮ, ಫೋನಿಗೆ ಚಳಿ ಆಗಲ್ಲ. ಒಳಗಿನ ಬಿಸಿ ಹೊರಗೆ ಹೋಗದೆ ಅದು ಬೇಯ್ತಾ ಇದೆ."

ಗಡಿಯಾರದಮ್ಮನ ಮುಖ ಚಿಕ್ಕದಾಯಿತು. ಒಳ್ಳೆಯದು ಮಾಡಲು ಹೋಗಿ ಕೆಡಿಸಿದೆನಲ್ಲ ಎಂದು ಅವರು ಚೀಲವನ್ನು ಮಡಚಿ ಮಡಚಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡರು. ಸೊಸೆಗೆ ಅಯ್ಯೋ ಎನಿಸಿತು.

"ಹೆಣಿಗೆ ಮಾತ್ರ ಬಲು ಅಚ್ಚುಕಟ್ಟು. ನಮ್ಮ ಮಾವನ ಬೋಳುತಲೆಗೆ ಇಂಥದ್ದೇ ಒಂದು ಟೋಪಿ ಹೆಣೆದುಕೊಡಿ. ಬೇಯ್ಲಿ."

"ನನ್ನ ತಲೆ ವಿಷಯ ಬಿಡು," ಎಂದಿತು ಪತ್ರಿಕೆ.

ಗಡಿಯಾರದಮ್ಮ ನಕ್ಕರು. ಅವರು ನಕ್ಕು ಎಷ್ಟು ದಿನವಾಗಿತ್ತೋ.

ಎರಡನೇ ಶಂಕಿತ ಚಾರ್ಜರು. ಹಗಲೂ ಇರುಳೂ ಸಿಕ್ಕಿಸಿಯೇ ಇಟ್ಟಿದ್ದೆ, ಎಲ್ಲಿ ಖಾಲಿಯಾಗುತ್ತೋ ಅಂತ ಭಯ ಎಂದರು ಗಡಿಯಾರದಮ್ಮ. ಸೊಸೆ ಅದಕ್ಕೆ ಮೀಟರು ಹಿಡಿದು ನೋಡಿದಳು. ಪಾಪದ್ದು, ಅದು ತನ್ನ ಪಾಡಿಗೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಮೂರನೆಯದು ಬ್ಯಾಟರಿ. ಫೋನನ್ನು ಮೇಜಿನ ಗಾಜಿನ ಮೇಲೆ ಅಂಗಾತ ಮಲಗಿಸಿ ಬೆರಳಲ್ಲಿ ತಳ್ಳಿದಳು. ಬ್ಯಾಟರಿ ಊದಿಕೊಂಡಿದ್ದರೆ ಬೆನ್ನು ಉಬ್ಬಿ ಫೋನು ಬುಗುರಿಯ ಹಾಗೆ ಗಿರ್ರನೆ ತಿರುಗಬೇಕಿತ್ತು. ತಿರುಗಲಿಲ್ಲ.

"ಒಂದು ಗಳಿಗೆ ಫ್ರಿಜ್ಜಲ್ಲಿಟ್ರೆ ಹೇಗೆ?" ಎಂದು ಗಡಿಯಾರದಮ್ಮ ಮೆಲ್ಲಗೆ ಕೇಳಿದರು.

"ಇಟ್ಟಿದ್ರಾ?"

"ಒಂದೇ ಸಲ. ಹಾಲಿನ ಪಕ್ಕ."

"ಇನ್ನೊಂದ್ಸಲ ಇಡ್ಬೇಡಿ. ಬಿಸಿ ಫೋನು ಒಮ್ಮೆಗೇ ತಣ್ಣಗಾದ್ರೆ ಒಳಗೆ ನೀರು ಹನಿ ಕಟ್ಟುತ್ತೆ. ಅಲ್ಲಿಗೆ ಕಥೆ ಮುಗೀತು."

ಸೊಸೆ ಫೋನನ್ನು ಫ್ಯಾನಿನ ಕೆಳಗೆ ತಂದಿಟ್ಟಳು. ಚೀಲ ಕಳಚಿದ್ದಾಯಿತು, ಚಾರ್ಜರು ಕಿತ್ತದ್ದಾಯಿತು. ಆದರೂ ಬಿಸಿ ಇಳಿಯಲೊಲ್ಲದು. ಅಂದಮೇಲೆ ಕಳ್ಳ ಒಳಗೇ ಇದ್ದಾನೆ. ಯಾವ ಆ್ಯಪು ಎಷ್ಟು ಬ್ಯಾಟರಿ ತಿನ್ನುತ್ತಿದೆ ಎಂದು ತೋರಿಸುವ ಪುಟವನ್ನು ಅವಳು ತೆರೆದಳು. ಎಲ್ಲಕ್ಕಿಂತ ಮೇಲೆ ಪುಟ್ಟ ಗಡಿಯಾರದ ಚಿತ್ರವೊಂದು ಕೂತಿತ್ತು. ಉಳಿದವೆಲ್ಲ ಸೇರಿ ಒಂದು ತುತ್ತು ತಿಂದಿದ್ದರೆ ಇದೊಂದೇ ಇಡೀ ತಟ್ಟೆ ಖಾಲಿ ಮಾಡಿತ್ತು.

"ಇದೇನಮ್ಮ?"

ಗಡಿಯಾರದಮ್ಮ ಬಗ್ಗಿ ನೋಡಿದರು. "ಓ, ಅದಾ. ಅದು ಅವ್ರ ಕಿವಿ. ವಯಸ್ಸಾಗ್ತಾ ಬಂದ ಹಾಗೆ ಗಡಿಯಾರದ ಟಿಕ್ ಟಿಕ್ ಸರಿಯಾಗಿ ಕೇಳಿಸ್ತಿರಲಿಲ್ಲ. ಇದನ್ನ ಗಡಿಯಾರದ ಮುಂದೆ ನಿಲ್ಲಿಸಿದ್ರೆ ಅದೇ ಕೇಳಿಸ್ಕೊಂಡು, ಮುಂದೆ ಓಡ್ತಿದೆಯೋ ಹಿಂದೆ ಬೀಳ್ತಿದೆಯೋ ಹೇಳುತ್ತಂತೆ. ಆ ದಿನ ದೊಡ್ಡ ಗೋಡೆ ಗಡಿಯಾರದ ಮುಂದೆ ನಿಲ್ಲಿಸಿ ಹೋದ್ರು. ಪರೀಕ್ಷೆ ನಡೀತಿರೋವಾಗ ಮಧ್ಯೆ ನಿಲ್ಲಿಸ್ಬಾರ್ದು ಅಂತ ಅವ್ರದ್ದೊಂದು ಹಠ. ಅದಕ್ಕೆ ನಾನೂ ನಿಲ್ಲಿಸೋಕೆ ಹೋಗ್ಲಿಲ್ಲ, ಅಲ್ಲೇ ಇಟ್ಟಿದ್ದೀನಿ, ರಿಂಗಾದ್ರೆ ಹಿಂದಿನ ಮನೆಗೆ ಕೇಳಿಸುತ್ತಲ್ಲ. ಆಫ್ ಆಗಿ ಆನ್ ಆದ್ರೂ ತಾನೇ ಶುರು ಮಾಡ್ಕೊಳ್ಳುತ್ತೆ."

ಅಂದರೆ ಅಂದಿನಿಂದ ಇಂದಿನವರೆಗೆ ಫೋನಿನ ಪರದೆ ಆರಿಲ್ಲ, ಮೈಕು ಮುಚ್ಚಿಲ್ಲ. ಖಾಲಿ ಅಂಗಡಿಯಲ್ಲಿ, ಉಣ್ಣೆಯ ಅಂಗಿ ತೊಟ್ಟುಕೊಂಡು, ಗೋಡೆ ಗಡಿಯಾರದ ಸದ್ದನ್ನು ಬಿಟ್ಟೂ ಬಿಡದೆ ಕೇಳುತ್ತ ಕೂತಿದೆ.

"ತಿಂಗಳಿಡೀ ಕಣ್ಣು ಮುಚ್ಚದೆ ಕೂತ್ರೆ ಯಾರಿಗೆ ತಾನೇ ತಲೆ ಬಿಸಿ ಆಗಲ್ಲ," ಎಂದು ಸೊಸೆ ನಕ್ಕಳು. "ಮಾವ, ಕೇಸು ಬಗೆಹರೀತು. ಕಳ್ಳ ಸಿಕ್ಕಿಬಿದ್ದ."

"ಒಳ್ಳೇದಾಯ್ತು. ತೆಗೆದು ಹಾಕು ಅದನ್ನ," ಎಂದರು ಮಾವ. ಈ ಸಲ ಪತ್ರಿಕೆ ಕೆಳಗಿಳಿದಿತ್ತು.

ತೆಗೆಯಲೆಂದೇ ಹೋದ ಹೆಬ್ಬೆರಳು ಅರ್ಧದಲ್ಲೇ ನಿಂತಿತು. ಆ್ಯಪಿನ ಪರದೆಯ ಮೇಲೆ ಒಂದು ಗೆರೆ ಓಡುತ್ತಿತ್ತು. ಗಡಿಯಾರದವರು ಹೋದ ದಿನದಿಂದ ಇವತ್ತು ಬೆಳಗಿನವರೆಗೆ ಗೋಡೆ ಗಡಿಯಾರ ನಡೆದ ಲೆಕ್ಕ ಅದು. ಫೋನು ಆಫ್ ಆದ ಕಡೆಯೆಲ್ಲ ಗೆರೆ ತುಂಡಾಗಿತ್ತು. ಆದರೆ ಮುಂದಿನ ತುಂಡಿನಲ್ಲಿ ಗಡಿಯಾರ ಮತ್ತೆ ನಡೆಯುತ್ತಲೇ ಇತ್ತು.

"ಅಮ್ಮ, ಈ ಗೋಡೆ ಗಡಿಯಾರ ಬ್ಯಾಟರಿದಾ?"

"ಬ್ಯಾಟರಿದನ್ನ ಅವ್ರು ಗಡಿಯಾರ ಅಂತ ಕರೆಯೋದೇ ಇಲ್ಲ. ಕೀ ಕೊಡೋದು ಇದು. ವಾರಕ್ಕೊಂದ್ಸಲ ಕೊಡದೇ ಇದ್ರೆ ನಿಂತುಹೋಗುತ್ತೆ."

"ನೀವು ಕೊಡ್ತಿದ್ದೀರಾ?"

"ನಾನಾ? ಅವ್ರ ಗಡಿಯಾರ ನಾನು ಮುಟ್ಟೋಳಲ್ಲ. ಫೋನ್ ನೋಡ್ಕೊಂಡು ಬಾಗಿಲು ಹಾಕಿ ಬರ್ತೀನಿ ಅಷ್ಟೇ. ಮೈದುನ ಕೊಡ್ತಾನೆ. ಅವನ ಹತ್ರಾನೂ ಬೀಗದ ಕೈ ಇದೆಯಲ್ಲ."

ಮಾತಿನ ಮಧ್ಯೆಯೇ ಮೈದುನ ಬಾಗಿಲಲ್ಲಿ ನಿಂತಿದ್ದ. ಗಡಿಯಾರದವರ ಖಾಸಾ ತಮ್ಮ. ಪಕ್ಕದ ಅಂಗಡಿಯಲ್ಲಿ ಕನ್ನಡಕ ಮಾಡಿಕೊಡುವುದರಿಂದ ಎಲ್ಲರಿಗೂ ಕನ್ನಡಕದಣ್ಣ. ಅಣ್ಣ ಕಾಣೆಯಾದ ಮೇಲೆ ಬೀದಿಯ ಬಾಯಿ ಅವನನ್ನು ಸುಮ್ಮನೆ ಬಿಟ್ಟಿರಲಿಲ್ಲ. ನಡುಗೋಡೆ ಒಡೆದು ಅಂಗಡಿ ದೊಡ್ಡದು ಮಾಡಬೇಕೆಂದು ಹಿಂದೊಮ್ಮೆ ಆಡಿದ್ದ ಮಾತನ್ನು ಜನ ಎತ್ತಿ ಎತ್ತಿ ಆಡುತ್ತಿದ್ದರು. ಪೊಲೀಸರೂ ಅವನನ್ನು ಕರೆಸಿ ಕೂರಿಸಿಕೊಂಡು ಕೇಳಿದ್ದರು. ಅವನು ಸೊರಗಿ ಅರ್ಧವಾಗಿದ್ದ.

"ಅತ್ತಿಗೆ, ಇಲ್ಲಿದ್ದೀರಾ. ಮನೆಯೆಲ್ಲಾ ಹುಡುಕಿದೆ," ಎನ್ನುತ್ತ ಅವನು ಜೇಬಿನಿಂದ ಅವರ ಕನ್ನಡಕ ತೆಗೆದುಕೊಟ್ಟ. "ಕಾಲು ಸಡಿಲ ಆಗಿತ್ತಲ್ಲ, ಬಿಗಿ ಮಾಡಿದ್ದೀನಿ. ಹಾಕ್ಕೊಳ್ಳಿ, ಬರಿಗಣ್ಣಲ್ಲಿ ಓಡಾಡ್ಬೇಡಿ."

ಇಂಥವನನ್ನು ಕೇಳಲು ಸೊಸೆಗೆ ಮನಸ್ಸು ಬರಲಿಲ್ಲ. ಆದರೆ ಕೇಳದೆ ವಿಧಿಯಿರಲಿಲ್ಲ.

"ಕನ್ನಡಕದಣ್ಣ, ಒಂದು ಮಾತು. ನಿಮ್ಮಣ್ಣ ಹೋದ ಮೇಲೆ ಅವರ ಅಂಗಡಿ ಒಳಗೆ ಹೋಗಿದ್ರಾ?"

"ಇಲ್ಲ."

"ಒಂದ್ಸಲಾನೂ?"

"ಇಲ್ಲ ಅಂದೆನಲ್ಲ. ಪೊಲೀಸರಿಗೂ ಅದನ್ನೇ ಹೇಳಿದ್ದು."

"ಬೀಗದ ಕೈ ನಿಮ್ಮ ಹತ್ರ ಇದೆ."

"ಇದೆ. ಮೊಳೆಗೆ ನೇತು ಹಾಕಿದ್ದು ಹಾಗೇ ಇದೆ. ಬಾಗಿಲು ತೆಗೆದ್ರೆ ಆ ಖಾಲಿ ಸ್ಟೂಲು ನೋಡ್ಬೇಕು. ನನ್ನ ಕೈಲಾಗಲ್ಲ." ಅವನ ದನಿ ಒರಟಾಯಿತು. "ನೀನೂ ಶುರು ಮಾಡಿದ್ಯಾ ಸೊಸೆ? ಬೀದಿಯವ್ರು ಆಡೋದು ಸಾಲ್ದು ಅಂತ?"

"ಆಡೋಕಲ್ಲ, ಗೊತ್ತಿಲ್ಲದೆ ಕೇಳ್ತಿದ್ದೀನಿ. ನೀವು ಹೋಗಿಲ್ಲ ಅಂದ್ರೆ ಗೋಡೆ ಗಡಿಯಾರಕ್ಕೆ ಕೀ ಕೊಡ್ತಿರೋದು ಯಾರು?"

ಅವನು ಅತ್ತಿಗೆಯ ಕಡೆ ತಿರುಗಿದ. "ಅತ್ತಿಗೆ ಅಲ್ವಾ?"

"ನೀನಲ್ವೇನೋ?" ಎಂದರು ಗಡಿಯಾರದಮ್ಮ.

ಅವರು ಕನ್ನಡಕ ಹಾಕಿಕೊಂಡು ಅವನ ಮುಖವನ್ನೇ ನೋಡಿದರು.

"ನಡುಗೋಡೆಯಾಚೆ ಟಿಕ್ ಟಿಕ್ ಕೇಳಿಸ್ತಿತ್ತು," ಎಂದ ಮೈದುನ, ನಿಧಾನಕ್ಕೆ. "ಅತ್ತಿಗೆ ಅಣ್ಣನ್ನ ನೆನೆಸ್ಕೊಂಡು ಕೀ ಕೊಡ್ತಿದ್ದಾರೆ ಅಂದ್ಕೊಂಡೆ. ಕೇಳಿದ್ರೆ ಎಲ್ಲಿ ಅಳ್ತೀರೋ ಅಂತ ಬಾಯಿ ಬಿಡಲಿಲ್ಲ."

"ನಾನೂ ಅಷ್ಟೇ ಕಣೋ. ನೀನು ಎದುರಿಗೆ ಅಳೋನಲ್ಲ. ಅಣ್ಣನ ಗಡಿಯಾರಕ್ಕೆ ಕೀ ಕೊಟ್ಟಾದ್ರೂ ಮನಸ್ಸು ಹಗುರ ಮಾಡ್ಕೊಳ್ಳಲಿ ಅಂತ ಸುಮ್ಮನಿದ್ದೆ."

ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ಒಬ್ಬರನ್ನೊಬ್ಬರು ನೋಯಿಸಬಾರದೆಂದು ತುಟಿ ಹೊಲಿದುಕೊಂಡಿದ್ದಾರೆ. ಇವರ ಒಳ್ಳೆಯತನದ ಸಂದಿಯಲ್ಲಿ ಮೂರನೆಯವರು ಯಾರೋ ಒಳಗೆ ಬಂದು ಹೋಗುತ್ತಿದ್ದಾರೆ. ಇಷ್ಟು ಪ್ರೀತಿ ಇರುವ ಮನೆಯಲ್ಲಲ್ಲದೆ ಇಂಥ ಎಡವಟ್ಟು ಇನ್ನೆಲ್ಲೂ ಆಗುವುದಿಲ್ಲ.

"ಹಳೇ ಗಡಿಯಾರ. ಕೆಲವು ಸಲ ಕೀ ಇಲ್ಲದೆಯೂ ಒಂದಷ್ಟು ದಿನ ನಡೆಯುತ್ತೇನೋ," ಎಂದರು ಮಾವ.

"ಮಾವ, ಟೀ ಕುಡೀಲಿಲ್ಲ ಅಂತ ಕಾಣುತ್ತೆ ನೀವು," ಎಂದಳು ಸೊಸೆ. "ಏನೇನೋ ಹೇಳ್ತಿದ್ದೀರಿ."

ಅವಳು ಆ್ಯಪು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿ, ಅದರ ಒಳಹೊಕ್ಕು ತಡಕಾಡಿದಳು. ಟಿಕ್ ಟಿಕ್ ಲಯ ತಪ್ಪಿದಾಗಲೆಲ್ಲ ಆ ಹೊತ್ತಿನ ಹಿಂದುಮುಂದಿನ ಸದ್ದನ್ನು ಅದು ಹಿಡಿದಿಡುತ್ತಿತ್ತು. ಗಡಿಯಾರ ಎಲ್ಲಿ ಎಡವಿತು ಎಂದು ಆಮೇಲೆ ಕೇಳಿ ನೋಡಲು ಇದ್ದ ಏರ್ಪಾಡು. ಹಾಗೆ ಹಿಡಿದಿಟ್ಟ ಸದ್ದುಗಳು ಕೆಲವೇ ಇದ್ದವು. ಎಲ್ಲವೂ ಗುರುವಾರದವು. ಎಲ್ಲವೂ ಮಧ್ಯಾಹ್ನದವು.

"ಅಮ್ಮ, ಗುರುವಾರ ಮಧ್ಯಾಹ್ನ ನೀವೆಲ್ಲಿರ್ತೀರಿ?"

"ಪೊಲೀಸ್ ಸ್ಟೇಷನ್‌ನಲ್ಲಿ. ಏನಾದ್ರೂ ಸುಳಿವು ಸಿಕ್ತಾ ಅಂತ ಕೇಳೋಕೆ ಹೋಗ್ತೀನಲ್ಲ. ಅಣ್ಣನೇ ಕರ್ಕೊಂಡು ಹೋಗ್ತಾರೆ, ಒಬ್ಬಳೇ ಹೋಗೋಕೆ ಬಿಡಲ್ಲ," ಎಂದು ಅವರು ಮಾವನ ಕಡೆ ಅಕ್ಕರೆಯಿಂದ ನೋಡಿದರು.

"ಗುರುವಾರ ನನ್ನ ಅಂಗಡಿಗೂ ರಜೆ," ಎಂದ ಮೈದುನ. ಅವನ ಮುಖ ಬಿಳಿಚಿತ್ತು. "ಯಾರೋ ಹೊತ್ತು ನೋಡ್ಕೊಂಡು ಬರ್ತಿದ್ದಾರೆ. ನಮ್ಮ ಹೋಗು ಬರುವು ಚೆನ್ನಾಗಿ ಬಲ್ಲವರೇ ಯಾರೋ."

ಮಾವ ಕುರ್ಚಿಯಿಂದೆದ್ದು ಮೇಜಿನ ಹತ್ತಿರ ಬಂದರು. "ಮಗಳೇ, ಮೊದ್ಲು ಅದು ತಣ್ಣಗಾಗ್ಲಿ. ಆಫ್ ಮಾಡಿಡು. ನಾಳೆ ನಾವಿಬ್ಬರೇ ಕೂತು ಕೇಳೋಣ."

"ಆಗ್ಲೇ ಆರಿದೆ ಮಾವ. ಮುಟ್ಟಿ ನೋಡಿ."

ಅವರು ಮುಟ್ಟಲಿಲ್ಲ. ಸೊಸೆ ಮೊದಲ ಗುರುವಾರದ ಸದ್ದನ್ನು ಒತ್ತಿದಳು.

ಟಿಕ್ ಟಿಕ್. ಬೀಗ ತೆಗೆದ ಸದ್ದು. ಬಾಗಿಲು. ಹೆಜ್ಜೆ. ಗಡಿಯಾರದ ಗಾಜಿನ ಬಾಗಿಲು ಕಿರುಗುಟ್ಟಿತು, ಕೀಲಿ ಕರಕರನೆ ತಿರುಗಿತು, ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿತು, ಮತ್ತೆ ನಿಂತಿತು. ನಡುನಡುವೆ ಯಾರೋ ಉಸಿರು ದಬ್ಬುತ್ತಿದ್ದರು.

ಗಡಿಯಾರದಮ್ಮ ಮೇಜಿನ ಅಂಚನ್ನು ಭದ್ರವಾಗಿ ಹಿಡಿದುಕೊಂಡರು.

"ಅವ್ರೇ," ಎಂದರು. "ಬಲಭುಜ ನೋವು ಅವ್ರಿಗೆ. ಒಂದೇ ಸಮ ತಿರುಗಿಸೋಕಾಗಲ್ಲ, ನಿಂತು ನಿಂತು ತಿರುಗಿಸ್ತಾರೆ. ಎಷ್ಟು ವರ್ಷದಿಂದ ಕೇಳ್ತಿದ್ದೀನಿ ನಾನು ಇದನ್ನ. ಅವ್ರೇ ಕಣೋ, ನಿಮ್ಮಣ್ಣ."

ಮೈದುನ ಸ್ಟೂಲಿನ ಮೇಲೆ ಕುಸಿದು ಕೂತ. ಎದುರಿಗೆ ಅಳುವವನಲ್ಲದ ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಬದುಕಿದ್ದಾನೆ, ನಮ್ಮಣ್ಣ ಬದುಕಿದ್ದಾನೆ ಎಂಬುದಷ್ಟೇ ಅವನ ಬಾಯಲ್ಲಿ. ಸೊಸೆಯ ಕಣ್ಣೂ ತುಂಬಿಬಂತು. ಎಂಥ ಹಿಗ್ಗು ಎಂದರೆ, ಮಾವನನ್ನು ತಬ್ಬಿಕೊಳ್ಳಬೇಕು ಎನಿಸಿತು ಅವಳಿಗೆ.

ಅಷ್ಟರಲ್ಲಿ ಫೋನಿನೊಳಗಿಂದ ಮಾತು ಬಂತು. ತೀರ ಹತ್ತಿರದಿಂದ, ಮೆಲುದನಿಯಲ್ಲಿ.

"ಲೇ, ನಾನು. ಹೆದರ್ಕೋಬೇಡ. ಗಡಿಯಾರ ನಿಂತ್ರೆ ನೀನು ಕಂಗಾಲಾಗ್ತೀಯ ಅಂತ ಬಂದೆ. ಕೀ ಕೊಟ್ಟ ಮೇಲೆ ಆಡಿದ್ದನ್ನೆಲ್ಲ ಇದು ಹಿಡಿದಿಟ್ಟುಕೊಳ್ಳುತ್ತೆ, ನೀನು ಹಾಕಿ ಕೇಳ್ತೀಯ, ನಂಗೊತ್ತು."

"ನಂಗೆ ಗೊತ್ತಿರ್ಲಿಲ್ಲ ರೀ," ಎಂದರು ಗಡಿಯಾರದಮ್ಮ, ಫೋನಿಗೆ.

"ಮಂಡಿಗೆ ಎಣ್ಣೆ ಹಚ್ಚೋದು ಬಿಡ್ಬೇಡ. ತಮ್ಮನ್ನ ಯಾರಾದ್ರೂ ಏನಾದ್ರೂ ಅಂದ್ರೆ ಅವನ ಪರ ನಿಂತ್ಕೊ. ನಾನು ಸುಮ್ಮನೆ ಹೋಗಿಲ್ಲ, ಗಡಿಯಾರ ಮುಟ್ಟಿಸೋಕೆ ಹೋದ ಮನೆಯವ್ರು ನನ್ನ ಬೆನ್ನು ಹತ್ತಿದ್ದಾರೆ, ಹೋಗದೆ ಇದ್ದಿದ್ರೆ ನಿಮ್ಮಿಬ್ಬರ ತಲೆಗೂ ಬರ್ತಿತ್ತು. ನಾನೆಲ್ಲಿದ್ದೀನಿ ಅಂತ ಪತ್ತೆ ಮಾವಂಗೆ ಗೊತ್ತು. ಬಚ್ಚಿಟ್ಟೋರೇ ಅವ್ರು. ಅವರನ್ನ ಕೇಳು, ಎಲ್ಲಾ ಹೇಳ್ತಾರೆ."

ಮತ್ತೆ ಹೆಜ್ಜೆ, ಬಾಗಿಲು, ಬೀಗ. ಟಿಕ್ ಟಿಕ್.

ಸೊಸೆ ತಲೆ ಎತ್ತಿದಳು. ಪ್ರತಿ ಗುರುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಡಿಯಾರದಮ್ಮನ ಕೈ ಹಿಡಿದು ರಸ್ತೆ ದಾಟಿಸಿ, ಸ್ಟೇಷನ್ನಿನ ಬೆಂಚಿನ ಮೇಲೆ ಪಕ್ಕದಲ್ಲೇ ಕೂತು ಸಮಾಧಾನ ಹೇಳುತ್ತಿದ್ದ ಮನುಷ್ಯ, ಈಗ ಯಾರ ಮುಖವನ್ನೂ ನೋಡದೆ ಮೇಜಿನ ಗಾಜನ್ನು ಬೆರಳಿನಿಂದ ಒರೆಸುತ್ತ ನಿಂತಿದ್ದರು. ಇಷ್ಟು ದಿನ ಒಂದೇ ಮನೆಯ ಅನ್ನ ಉಂಡು, ಇವರ ಮನಸ್ಸಿನಲ್ಲಿ ಇಷ್ಟು ದೊಡ್ಡ ಗುಟ್ಟಿದೆ ಎಂದು ತನಗೆ ವಾಸನೆಯೂ ಹತ್ತಲಿಲ್ಲವಲ್ಲ ಎನಿಸಿತು ಅವಳಿಗೆ.

"ಮಾವ," ಎಂದಳು. ಫೋನನ್ನು ಅವರತ್ತ ಸರಿಸಿದಳು.

ಮೈದುನ ಎದ್ದು ನಿಂತ. "ನನ್ನನ್ನ ಸ್ಟೇಷನ್ನಲ್ಲಿ ಕೂರಿಸಿದಾಗ ನೀವು ಅಲ್ಲೇ ಇದ್ರಿ. ಎದುರಿಗೇ ಇದ್ರಿ. ಒಂದು ಮಾತು ಹೇಳಬಾರ್ದಿತ್ತಾ?"

ಗಡಿಯಾರದಮ್ಮ ಮೈದುನನ ತೋಳು ಹಿಡಿದು ಸುಮ್ಮನಾಗಿಸಿದರು. ಅವರು ಬೈಯಲಿಲ್ಲ. ಎಲ್ಲಿ, ಯಾಕೆ ಎಂದೂ ಕೇಳಲಿಲ್ಲ. ಮಾವನ ಹತ್ತಿರಕ್ಕೆ ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದೇ ಒಂದು ಮಾತು ಕೇಳಿದರು.

"ಅಣ್ಣ, ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದಾರಾ ಅವ್ರು?"

ಮಾವ ಮುಖ ಕಿವುಚಿದರು. ಕಳ್ಳಕಾಕರ ಎದುರು ಕಲ್ಲಿನ ಹಾಗೆ ಕೂರುತ್ತಿದ್ದ ಮನುಷ್ಯ ಹೀಗೆ ಕುಗ್ಗಿದ್ದನ್ನು ಸೊಸೆ ಅಂದೇ ಮೊದಲು ಕಂಡದ್ದು.

"ನಿನ್ನೆ ಗುರುವಾರ ತಾನೆ ತಂಗಿ," ಎಂದರು. "ಕೀ ಕೊಟ್ಟು ವಾಪಸ್ ಬರ್ಬೇಕಿತ್ತು. ನಾನು ಬಚ್ಚಿಟ್ಟ ಜಾಗಕ್ಕೆ ಅವನು ಬಂದಿಲ್ಲ."

ಸೊಸೆ ಫೋನಿನ ಕಡೆ ನೋಡಿದಳು. ಕೊನೆಯ ಸದ್ದಿನ ಮೇಲೆ ನಿನ್ನೆಯ ದಿನಾಂಕವಿತ್ತು. ಇನ್ನೂ ಯಾರೂ ಅದನ್ನು ಕೇಳಿರಲಿಲ್ಲ. ಅವಳು ಬೆರಳಿಡುವ ಮುಂಚೆಯೇ ಫೋನು ಮೇಜಿನ ಗಾಜಿನ ಮೇಲೆ ಗಡಗಡನೆ ಅದುರುತ್ತ ರಿಂಗಾಗತೊಡಗಿತು. ಅಂಗಡಿ ಮುಚ್ಚಿದ ಮೇಲೆ ಗಿರಾಕಿಗಳೂ ಕರೆ ಮಾಡುವುದನ್ನು ಬಿಟ್ಟಿದ್ದ ಫೋನದು. ಪರದೆಯ ಮೇಲೆ ಹೆಸರಿರಲಿಲ್ಲ, ಬರೀ ನಂಬರು.

"ಅವ್ರು," ಎಂದು ಗಡಿಯಾರದಮ್ಮ ಎರಡೂ ಕೈ ಚಾಚಿದರು. "ನಾನು ಹೇಳ್ಲಿಲ್ವಾ, ಮಾಡೇ ಮಾಡ್ತಾರೆ ಅಂತ."

ಅವರ ಕೈಗಿಂತ ಮೊದಲು ಮಾವನ ಕೈ ಫೋನಿನ ಮೇಲೆ ಬಿತ್ತು. ನಂಬರನ್ನು ಅವರು ಒಮ್ಮೆ ನೋಡಿದರು. ಇನ್ನೊಮ್ಮೆ ನೋಡುವ ಅಗತ್ಯ ಅವರಿಗೆ ಬೀಳಲಿಲ್ಲ.

"ಎತ್ಬೇಡಮ್ಮ ತಂಗಿ," ಎಂದರು. "ಅವನನ್ನ ನಾನು ಯಾರಿಂದ ಬಚ್ಚಿಟ್ಟಿದ್ನೋ, ಇದು ಅವರ ನಂಬರು."